ರಪಿತ್ಸೊನ ಎಡಬಾಗಿಲು

ಬುಧವಾರ ಮಧ್ಯಾಹ್ನ ಪುಲೆಂಗ್ ತನ್ನ ಅಪ್ಪನ ಕಾರನ್ನು ತಂದು ಅಂಗಳದಲ್ಲಿ ನಿಲ್ಲಿಸಿದಾಗ ಮಖೆತ ಬಿಸಿಲಿಗೆ ಬೆನ್ನು ಕೊಟ್ಟು, ಮೊಣಕಾಲಿಗೆ ಮುಲಾಮು ತಿಕ್ಕುತ್ತ ಕೂತಿದ್ದ. ಅಲ್ಲಿ ಜುಲೈ ಅಂದರೆ ಚಳಿಗಾಲ, ಒಣ ಚಳಿ. ಕಾಟ್ಲೆಹಾಂಗಿನ ಮನೆಗಳ ಕಲ್ಲಿದ್ದಲ ಹೊಗೆ ಮಧ್ಯಾಹ್ನವಾದರೂ ಬೀದಿ ಬಿಟ್ಟು ಕದಲಿರಲಿಲ್ಲ. ಮೂವತ್ತಾರು ವರ್ಷ ಬೆಸುಗೆಯ ಬೆಂಕಿ ನೋಡಿದ ಕಣ್ಣು ಸಂಜೆಯಾದರೆ ಮರಳು ಬಿದ್ದ ಹಾಗೆ ಉರಿಯುತ್ತಿತ್ತು. ಅರವತ್ತೊಂದಕ್ಕೇ ಮೈ ಹಣ್ಣಾಗಿತ್ತು. ಕೆಲಸ ಬಂತು ಎಂದರೆ ಹಿಗ್ಗುತ್ತಿದ್ದ ಕಾಲ ಹೋಗಿ, ಬಂತಲ್ಲಪ್ಪ ಎಂದು ನಿಟ್ಟುಸಿರು ಬಿಡುವ ಕಾಲ ಬಂದಿತ್ತು.

ಎಂಜಿನ್ ನಿಂತಿತು. ಯಾರೂ ಮುಟ್ಟದೆಯೇ ಕಾರಿನ ಎಡಬಾಗಿಲು ಕಿರ್ರೆಂದು ತಾನಾಗಿ ತೆರೆದುಕೊಂಡಿತು.

"ನೋಡಿ ಮಾಮ, ನಿಮಗೆ ನಮಸ್ಕಾರ ಹೇಳ್ತಿದೆ" ಅಂದಳು ಪುಲೆಂಗ್. ನಗಲು ನೋಡಿದಳು, ಆಗಲಿಲ್ಲ. ಅವಳ ಅಪ್ಪ ರಪಿತ್ಸೊ ತೀರಿಕೊಂಡು ಮೂರು ದಿನವಾಗಿತ್ತು. ಸಕ್ಕರೆ ಕಾಯಿಲೆ ಮೊದಲು ಎರಡು ಬೆರಳು ತಿಂದು, ಆಮೇಲೆ ಕಾಲು ತಿಂದು, ಭಾನುವಾರ ಅವನನ್ನೇ ತಿಂದಿತ್ತು. ಶನಿವಾರ ಮಣ್ಣು.

ರಪಿತ್ಸೊ ಮತ್ತು ಮಖೆತ ಒಂದೇ ಬೀದಿಯಲ್ಲಿ ನಲವತ್ತು ವರ್ಷ ಬದುಕಿದವರು. ಮಖೆತ ಬೆಸೆಯುವವನು, ರಪಿತ್ಸೊ ತಿರುಗಿಸುವವನು. ಡಬ್ಬಿಯಂಥ ಎರಡು ಬಾಗಿಲಿನ ಹಳೆಯ ಜರ್ಮನ್ ಕಾರು. ಊರವರು ಅದನ್ನು ಮುದ್ದಿನಿಂದ ಗುಶೇಶೆ ಅನ್ನುತ್ತಾರೆ. ಅದನ್ನು ಯಾರೂ ಊರಿಂದೂರಿಗೆ ಹೋಗಲು ಇಟ್ಟುಕೊಳ್ಳುವುದಿಲ್ಲ. ಭಾನುವಾರ ಮೈದಾನದಲ್ಲಿ, ಜನರ ನಡುವೆ, ಬುಗುರಿಯ ಹಾಗೆ ಗಿರಗಿರನೆ ತಿರುಗಿಸಿ ಟೈರಿನ ಹೊಗೆ ಎಬ್ಬಿಸಲು ಇಟ್ಟುಕೊಳ್ಳುತ್ತಾರೆ. ಹಾಗೆ ಬಾಳಿದವನನ್ನು ಸುಮ್ಮನೆ ಕಳಿಸಿಕೊಡುವ ಪದ್ಧತಿ ಇಲ್ಲ. ಶವಪೆಟ್ಟಿಗೆ ಮನೆಯಿಂದ ಹೊರಬಿದ್ದಾಗ ಅದರೆದುರು ಅವನ ಕಾರು ತಿರುಗಬೇಕು. ತಿರುಗಲಿಲ್ಲವೆಂದರೆ ಆ ಮನೆಯವರು ವರ್ಷಗಟ್ಟಲೆ ತಲೆ ತಗ್ಗಿಸಿ ಓಡಾಡಬೇಕು.

"ಯಾರು ತಿರುಗಿಸ್ತಾರೆ?" ಮಖೆತ ಕೇಳಿದ.

"ಇನ್ಯಾರು? ನಾನೇ."

ಮೂವತ್ತು ವರ್ಷದ ಹೆಂಗಸು, ಅಪ್ಪನ ಎಡಗಡೆ ಕೂತು ಕಲಿತವಳು, ಮೈದಾನದಲ್ಲಿ ಗಂಡಸರನ್ನೂ ಹಿಂದೆ ಹಾಕಿದವಳು. ಅವಳ ಕೈಮೇಲೆ ಅವನಿಗೆ ಅನುಮಾನ ಇರಲಿಲ್ಲ. ಅನುಮಾನವಿದ್ದದ್ದು ಕಾರಿನ ಮೇಲೆ. ಮೊಣಕಾಲು ಹಿಡಿದುಕೊಂಡು ಬಗ್ಗಿ ಹಿಂದುಗಡೆ ಟಾರ್ಚು ಬಿಟ್ಟು ನೋಡಿದ. ಹಿಂದಿನ ಚಕ್ರಗಳ ಭಾರ ಹೊರುವ ಜಾಗದಲ್ಲಿ ತಳದ ತಗಡು ಬೆರಳುದ್ದ ಹರಿದಿತ್ತು.

"ಹಿಂಗೇ ತಿರುಗಿಸಿದ್ರೆ ಐದ್ನೇ ಸುತ್ತಿಗೆ ಚಕ್ರ ಒಂದು ಕಡೆ, ನೀನೊಂದು ಕಡೆ. ಶನಿವಾರ ಒಂದಲ್ಲ, ಎರಡು ಗುಂಡಿ ತೋಡ್ಬೇಕಾಗುತ್ತೆ."

"ಅದಕ್ಕೇ ನಿಮ್ಮ ಹತ್ರ ಬಂದಿದ್ದು. ಹೊಟ್ಟೆ ಕೆಳಗೆ ಇನ್ನೊಂದು ಜೊತೆ ಕಂಬಿ ಹಾಕಿಬಿಡಿ, ಹಳೇದರ ಮೇಲೇನೇ. ಸೀಟಿನ ಹಿಂದೆ ಒಂದು ಅಡ್ಡಕಂಬಿ. ಮುಂದಕ್ಕೆ ಇದು." ಅವಳು ಹಿಂದಿನ ಸೀಟಿನಿಂದ ಉದ್ದನೆಯ ಪೆಟ್ಟಿಗೆಯೊಂದನ್ನು ತೆಗೆದಳು. ಎಂಜಿನ್ನಿನ ಮೇಲೆ ಕಾರಿನ ಎರಡು ಭುಜಕ್ಕೂ ಅಡ್ಡಲಾಗಿ ಕೂರಿಸುವ ರೆಡಿಮೇಡ್ ಕಂಬಿ, ಕೆಂಪು ಬಣ್ಣದ್ದು, ಹೊಳೆಯುತ್ತಿತ್ತು.

"ಇದು ಶೋಕಿಗೆ."

"ಇರ್ಲಿ. ಅಪ್ಪನಿಗೂ ಶೋಕಿ ಬೇಕು." ಆಮೇಲೆ ಅವಳು ಬಾಗಿಲಿನ ಕಡೆ ಬೆರಳು ತೋರಿಸಿದಳು. "ಒಂದು ಮಾತು ಮಾಮ. ಆ ಬಾಗಿಲು ಮಾತ್ರ ಮುಟ್ಟಬೇಡಿ. ಜನ ಬರೋದೇ ಅದನ್ನ ನೋಡೋಕೆ."

ಮಖೆತ ತಲೆ ಅಲ್ಲಾಡಿಸಿದ. ಬಾಗಿಲಿನ ಮಾತು ಬಂದಾಗಲೆಲ್ಲ ಅವನು ತಲೆ ಅಲ್ಲಾಡಿಸಿ ಸುಮ್ಮನಾಗುತ್ತಿದ್ದ. ಹದಿನಾಲ್ಕು ವರ್ಷದಿಂದ ಅದೇ ಅವನ ಉತ್ತರ.

ಬೀದಿಗೆಲ್ಲ ಗೊತ್ತಿದ್ದ ಕತೆ ಇಷ್ಟು. ಹದಿನಾಲ್ಕು ವರ್ಷದ ಹಿಂದೆ ಮಖೆತ ಈ ಕಾರಿಗೆ ಮೊದಲ ಜೊತೆ ಕಂಬಿ ಹಾಕಿದ. ಮರುಭಾನುವಾರ ಮೈದಾನದಲ್ಲಿ ಮೂರನೇ ಸುತ್ತಿಗೆ ಎಡಬಾಗಿಲು ಧಡಾರನೆ ತೆರೆದುಕೊಂಡಿತು. ಜನ ಹೋ ಎಂದರು. ರಪಿತ್ಸೊ ಗಲಿಬಿಲಿಯಾಗಲಿಲ್ಲ. ತಲೆಯ ಟೊಪ್ಪಿಗೆ ತೆಗೆದು, ಆ ತೆರೆದ ಬಾಗಿಲಿನ ಕಡೆ ಬೀಸಿ, "ದುಮೆಲಂಗ್! ಎಲ್ರಿಗೂ ನಮಸ್ಕಾರ ಹೇಳ್ತಿದಾಳೆ!" ಎಂದು ಕೂಗಿದ. ಕಾರು ಅವನ ಬಾಯಲ್ಲಿ ಯಾವಾಗಲೂ 'ಅವಳು'. ಅವತ್ತಿನಿಂದ ಅದೇ ಅವನ ಗುರುತಾಯಿತು. ಮೂರನೇ ಸುತ್ತು ಬಂತೆಂದರೆ ಬಾಗಿಲು ಹಾರುತ್ತಿತ್ತು, ಸಾವಿರ ಕೈ ಮೇಲೇಳುತ್ತಿದ್ದವು, ಸಾವಿರ ಬಾಯಿ "ದುಮೆಲಂಗ್" ಅನ್ನುತ್ತಿದ್ದವು. ಬಾಗಿಲು ಯಾಕೆ ಹೀಗಾಯಿತು ಎಂದು ಕೇಳಿದವರಿಗೆ ರಪಿತ್ಸೊ, ರಸ್ತೆ ಅಂಚಿನ ಕಲ್ಲಿಗೆ ಗುದ್ದಿಬಿಟ್ಟೆ ಅನ್ನುತ್ತಿದ್ದ.

ಬೀದಿಗೆ ಗೊತ್ತಿಲ್ಲದ ಕತೆ ಮಖೆತನ ಹೊಟ್ಟೆಯಲ್ಲಿತ್ತು. ಲಾರಿಗೆ ಇರುವ ಹಾಗೆ ಈ ಕಾರಿಗೆ ಬೇರೆ ಅಸ್ಥಿಪಂಜರ ಇಲ್ಲ. ತಗಡೇ ಅದರ ಎಲುಬು. ವಯಸ್ಸಾದರೆ ಹಳೆಯ ಮಂಚದ ಹಾಗೆ ಕೀಲು ಸಡಿಲವಾಗಿ ಆಚೀಚೆ ತೊನೆಯುತ್ತದೆ. ಅದನ್ನು ಬಿಗಿ ಮಾಡಲು ಹೊಟ್ಟೆಯಡಿ ಮುಂದಿನಿಂದ ಹಿಂದಕ್ಕೆ ಕಬ್ಬಿಣದ ಕೊಳವೆ ಕೊಟ್ಟು ಬೆಸೆಯುತ್ತಾರೆ. ಬೆಸೆಯುವ ಮುಂಚೆ ನಾಲ್ಕು ಚಕ್ರದಡಿಯೂ ಇಟ್ಟಿಗೆ ಪೇರಿಸಿ, ಕಾರನ್ನು ಮಟ್ಟಸವಾಗಿ ನಿಲ್ಲಿಸಬೇಕು. ಆ ಹೊತ್ತು ಮೈ ಹೇಗಿರುತ್ತದೋ ಹಾಗೇ ಅದು ಶಾಶ್ವತವಾಗಿ ಬಿಗಿಯಾಗುತ್ತದೆ. ನೆಟ್ಟಗಿದ್ದರೆ ನೆಟ್ಟಗೆ, ಸೊಟ್ಟಗಿದ್ದರೆ ಸೊಟ್ಟಗೆ.

ಅವತ್ತು ಒಂದು ಇಟ್ಟಿಗೆ ಕಡಿಮೆ ಬಿದ್ದಿತ್ತು. ಎಡ ಮುಂದಿನ ಚಕ್ರದ ಅಡಿಗೆ. ಬೀದಿ ದಾಟಿ ಮದ್ಲೋಮೊಳ ತಿಂಡಿ ಗೂಡಂಗಡಿಯಿಂದ ಒಂದು ಇಟ್ಟಿಗೆ ತಂದಿದ್ದರೆ ಮುಗಿಯುತ್ತಿತ್ತು. ಅದೇ ವಾರ ಅವನು ಮೂರು ಕಾರು ಮುಗಿಸಿದ್ದ, ನಿಂತಲ್ಲೇ ನಿದ್ದೆ ಬರುವಷ್ಟು ದಣಿದಿದ್ದ. ಇಟ್ಟಿಗೆ ಸೇರಿಸಬೇಕೆಂದರೆ ಕಾರನ್ನು ಮತ್ತೆ ಇಳಿಸಿ ಮತ್ತೆ ಏರಿಸಬೇಕಿತ್ತು. ಒಂದು ಇಟ್ಟಿಗೆಗೆ ಏನಾಗುತ್ತೆ ಅಂದುಕೊಂಡು ಬೆಸೆದುಬಿಟ್ಟ. ಕಂಬಿಯ ತುದಿಯಲ್ಲಿ ಸಂದು ಉಳಿದಾಗ ಬೆಣೆಯಂಥ ಚೂರು ಕಬ್ಬಿಣ ತುರುಕಿ ತುಂಬಿದ. ಸೋಮವಾರ ರಪಿತ್ಸೊ ಬಂದು, ಬಾಗಿಲು ಕೂರ್ತಾ ಇಲ್ವಲ್ಲೋ, ಯಾಕೆ ಅಂದಾಗ ಮಖೆತ ಅವನ ಮುಖ ನೋಡದೆ, ಎಲ್ಲೋ ಕಲ್ಲಿಗೆ ಗುದ್ದಿದೀಯ ಅಂದ. ರಪಿತ್ಸೊ ಒಂದು ಗಳಿಗೆ ಅವನನ್ನೇ ನೋಡಿದ. ಆಮೇಲೆ "ಇರಬಹುದು" ಅಂದ. ಅಷ್ಟೇ. ಗೆಳೆಯ ತನ್ನ ಸುಳ್ಳು ನಂಬಿದ ಎಂದು ಮಖೆತ ಅವತ್ತು ಉಸಿರು ಬಿಟ್ಟಿದ್ದ, ಅವತ್ತಿನಿಂದಲೇ ನಾಚಿಕೆಪಟ್ಟುಕೊಂಡೂ ಇದ್ದ. ಆಮೇಲೆ ಬಂದ ಗಿರಾಕಿಗಳೆಲ್ಲ, ರಪಿತ್ಸೊನ ಗುಶೇಶೆ ಬಿಗಿ ಮಾಡಿದ ಕೈ ಇದು ಎಂದುಕೊಂಡೇ ಬಂದವರು. ಅವನು ತಿಂದ ಗಂಜಿಯೆಲ್ಲ ಆ ಹೆಸರಿನದು.

ಗುರುವಾರ ಬೆಳಗ್ಗೆ ಅವನು ರಟ್ಟು ಹಾಸಿಕೊಂಡು ಕಾರಿನಡಿ ನುಸುಳಿದ. ಸುಲಭದ ದಾರಿ ಎದುರಿಗೇ ಇತ್ತು. ಹುಡುಗಿಯೇ ಬಾಯಿಬಿಟ್ಟು ಹೇಳಿದ್ದಳು: ಹಳೆಯದರ ಮೇಲೇ ಹಾಕಿ, ಬಾಗಿಲು ಮುಟ್ಟಬೇಡಿ. ಹಾಗೆ ಮಾಡಿದರೆ ಮಧ್ಯಾಹ್ನಕ್ಕೆ ಕೆಲಸ ಮುಗಿಯುತ್ತದೆ, ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ, ರಪಿತ್ಸೊನ ಜೊತೆ ಅದೂ ಮಣ್ಣಾಗುತ್ತದೆ. ಸೊಟ್ಟ ಮೈಯನ್ನು ಇನ್ನಷ್ಟು ಬಿಗಿ ಮಾಡಿದರೆ ಜಗ್ಗಾಟವೆಲ್ಲ ಆ ಹರಿದ ತಗಡಿಗೇ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಹರಿದದ್ದಕ್ಕೆ ದಪ್ಪ ತೇಪೆ ಹಾಕಿದರಾಯಿತು, ನಾಲ್ಕಾರು ಸುತ್ತಿಗೆ ತಡೆದೀತು ಎಂದು ಮನಸ್ಸು ಸಮಜಾಯಿಷಿ ಹೇಳುತ್ತಿತ್ತು. ದಣಿದ ಮನಸ್ಸಿಗೆ ಸಮಜಾಯಿಷಿಗಳೇನು ಕಡಿಮೆಯೇ.

ಹೊಸ ಕಂಬಿ ಕೂರಿಸುವ ಜಾಗ ಸ್ವಚ್ಛ ಮಾಡಲು ಎಡ ಮುಂಭಾಗಕ್ಕೆ ಟಾರ್ಚು ಹಿಡಿದ. ಅಲ್ಲಿ ಕಂಬಿಯ ತುದಿ ಕಾಣಲಿಲ್ಲ. ಮುಷ್ಟಿ ಗಾತ್ರದ ಕರಿ ಮುದ್ದೆಯೊಂದಿತ್ತು. ಟಾರು. ಉಳಿದ ತಳವೆಲ್ಲ ಬೋಳು, ತುಕ್ಕು ಹಿಡಿದಿತ್ತು. ಆ ಒಂದೇ ಜಾಗಕ್ಕೆ ಮಾತ್ರ ಯಾರೋ ಟಾರು ಬಳಿದಿದ್ದರು, ಒಂದು ಸಲವಲ್ಲ. ಉಳಿಯಿಂದ ಕೆರೆದರೆ ಮರದ ತೊಗಟೆಯ ಹಾಗೆ ಪದರ ಪದರವಾಗಿ ಎದ್ದು ಬಂತು. ಕೆಳಗಿನದು ಕಲ್ಲಾಗಿತ್ತು, ಮೇಲಿನದು ಇನ್ನೂ ಬೆರಳಿಗೆ ಅಂಟುತ್ತಿತ್ತು. ಎಲ್ಲದರ ಅಡಿಯಲ್ಲಿ ಅವನದೇ ಬೆಣೆ. ಕಸುಬು ಬಲ್ಲ ಯಾರೇ ಆಗಲಿ, ಅದನ್ನು ಒಂದು ಸಲ ನೋಡಿದರೆ ಸಾಕು, ಯಾರ ತಪ್ಪು ಎಂದು ಓದಿಕೊಳ್ಳುತ್ತಿದ್ದರು.

ಪುಲೆಂಗ್ ಬಂದ ಸದ್ದಾಯಿತು. ಎಣ್ಣೆಯಲ್ಲಿ ಕರಿದ ಮಗ್ವಿನ್ಯ ಬೋಂಡಾ, ಫ್ಲಾಸ್ಕಿನಲ್ಲಿ ಚಹಾ ತಂದಿದ್ದಳು.

"ಮಾಮ, ಬದುಕಿದೀರಾ?"

ಅವನು ತೆವಳಿಕೊಂಡು ಹೊರಗೆ ಬಂದ. "ಅಲ್ಲಿ ಟಾರು ಯಾರು ಬಳಿದಿದ್ದು?"

"ಅಪ್ಪ. ಪ್ರತಿ ಡಿಸೆಂಬರು, ಮೈದಾನದ ದೊಡ್ಡ ಆಟಕ್ಕೆ ಮುಂಚೆ. ಬೇರೆ ಯಾರ್ಗೂ ಬಿಡ್ತಿರ್ಲಿಲ್ಲ. ಕಾಲು ಹೋದ ಮೇಲೂ ಕುಂಡಿ ಮೇಲೆ ತೆವಳ್ಕೊಂಡು ಒಳಗೆ ಹೋಗ್ತಿದ್ರು, ನಾನು ಬೈತಿದ್ದೆ."

"ಯಾಕೆ ಅಂತ ಕೇಳ್ಲಿಲ್ವಾ?"

"ಕೇಳ್ದೆ. ಅಲ್ಲಿ ಗಾಳಿ ನುಗ್ಗುತ್ತೆ, ಅವಳಿಗೆ ಶೀತ ಆಗುತ್ತೆ ಅನ್ನೋರು." ಅವಳಿಗೆ ಈಗ ನಿಜವಾಗಿ ನಗು ಬಂತು. "ಒಂದ್ಸಲ ಥೊಕೋಜಾ ಕಡೆ ವೆಲ್ಡರ್ ಒಬ್ಬ, ಕೆಳಗೆ ನೋಡ್ತೀನಿ ಅಂತ ನುಗ್ಗಿದ್ದ. ಅಪ್ಪ ಅವನ ಎರಡೂ ಕಾಲು ಹಿಡಿದು ದರದರ ಎಳೆದು ಹಾಕಿದ್ರು. ಯಾಕ್ ಮಾಮ?"

ಮಖೆತ ಪಕ್ಕದಲ್ಲಿದ್ದ ಟೈರಿನ ಮೇಲೆ ಕೂತ. ರಪಿತ್ಸೊಗೆ ಗೊತ್ತಿತ್ತು. ಆ ಸೋಮವಾರವೇ ಗೊತ್ತಾಗಿತ್ತು. 'ಇರಬಹುದು' ಅಂದ ಆ ಗಳಿಗೆಯಲ್ಲೇ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದ. ಗೆಳೆಯನ ಅನ್ನ ಹೋಗಬಾರದೆಂದು ತಾನು ಕಲ್ಲಿಗೆ ಗುದ್ದಿದ ಪೆದ್ದ ಅನ್ನಿಸಿಕೊಂಡ. ಕೆಟ್ಟ ಬಾಗಿಲನ್ನು ಜನ ಆಡಿಕೊಳ್ಳಬಾರದೆಂದು ಅದಕ್ಕೆ ನಮಸ್ಕಾರ ಕಲಿಸಿದ. ವರ್ಷಕ್ಕೊಂದು ಸಲ ಮಣ್ಣಲ್ಲಿ ತೆವಳಿ ಅದರ ಮಾನ ಮುಚ್ಚಿ ಬರುತ್ತಿದ್ದ. ಒಂದೇ ಒಂದು ದಿನ, ಒಂದೇ ಒಂದು ಮಾತು ಎತ್ತಿ ಆಡಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮಖೆತನಿಗೆ ಅಳು ಬಂತು.

ಅವನು ಪುಲೆಂಗ್‌ಗೆ ಎಲ್ಲವನ್ನೂ ಹೇಳಿದ. ಇಟ್ಟಿಗೆ, ಬೆಣೆ, ಕಲ್ಲಿನ ಸುಳ್ಳು. ಹೇಳಲು ಚಹಾ ಆರುವಷ್ಟು ಹೊತ್ತೂ ಬೇಕಾಗಲಿಲ್ಲ.

ಅವಳು ಬಾಗಿಲನ್ನು ಒಮ್ಮೆ ದೂಡಿ ನೋಡಿದಳು, ಅದು ಮತ್ತೆ ತೆರೆದುಕೊಂಡಿತು. "ಈಗೇನ್ ಮಾಡ್ತೀರಾ?"

"ಹಳೇದನ್ನ ಕೊಯ್ದು ಹಾಕ್ತೀನಿ. ಮಟ್ಟ ಮಾಡಿ ಹೊಸದಾಗಿ ಬೆಸೀತೀನಿ."

"ಬಾಗಿಲು?"

"ಮುಚ್ಚುತ್ತೆ."

"ಮುಚ್ಚುತ್ತೆ!" ಅವಳ ದನಿ ಏರಿತು. "ಹದಿನಾಲ್ಕು ವರ್ಷ ಅವರು ಬಚ್ಚಿಟ್ರು, ನೀವು ಅವರು ಸತ್ತ ವಾರದಲ್ಲೇ ಬಿಚ್ಚಿ ಹಾಕ್ತೀರಾ? ಶನಿವಾರ ಇಡೀ ಊರು ಕೈ ಎತ್ತಿಕೊಂಡು ಕಾಯ್ತಿರುತ್ತೆ ಮಾಮ. ಏನಂತ ಹೇಳ್ಲಿ? ಟಾರು ವಾಪಸ್ ಬಳೀರಿ. ಮೇಲೆ ಹೊಸದು ಹಾಕಿ. ನಂಗೇನೂ ಗೊತ್ತಿಲ್ಲ ಅಂತ ಇರ್ತೀನಿ."

"ಹಾಕಬಹುದು. ನಂಗೂ ಅದೇ ಸುಲಭ. ಅವತ್ತೂ ಹಿಂಗೇ ಸುಸ್ತಾಗಿತ್ತು ಕಣೆ, ಅವತ್ತೂ ಸುಲಭದ್ದೇ ಮಾಡಿದ್ದು. ಅವನಿಗೆ ಬಾಗಿಲು ಹೋಯ್ತು ಅಷ್ಟೇ. ನಿಂಗೆ ಚಕ್ರವೇ ಹೋಗುತ್ತೆ. ಜನ ಸುತ್ತ ನಿಂತಿರ್ತಾರೆ."

"ಎಲ್ರಿಗೂ ಗೊತ್ತಾಗುತ್ತೆ. ಮುಂದಿನ ವಾರದಿಂದ ನಿಮ್ಮ ಅಂಗಳಕ್ಕೆ ಯಾರು ಬರ್ತಾರೆ?"

ಅವನನ್ನು ಹೆದರಿಸಿದ್ದೂ ಅದೇ. ಬೇರೆ ಕಸುಬು ಅವನಿಗೆ ಬರದು, ಬೇರೆ ಕಸುಬು ಕಲಿಯುವ ವಯಸ್ಸೂ ಅಲ್ಲ. ಪುಲೆಂಗ್ ಫ್ಲಾಸ್ಕನ್ನು ಅಲ್ಲೇ ಬಿಟ್ಟು, ಹೊರಟಳು. ಗೇಟಿನ ಹತ್ತಿರ ನಿಂತು, ತಿರುಗಿ ನೋಡದೆ, "ಕೊಯ್ದುಬಿಡಿ" ಅಂದಳು.

ಮೊದಲು ಅವನು ಬೀದಿ ದಾಟಿ ಮದ್ಲೋಮೊಳ ಗೂಡಂಗಡಿಗೆ ಹೋದ. ಬ್ರೆಡ್ಡಿನೊಳಗೆ ಆಲೂಗಡ್ಡೆ ತುರುಕುತ್ತಿದ್ದ ಆ ದಪ್ಪ ಹೆಂಗಸಿನ ಬಾಯಿಗೆ ಬಿದ್ದು ತಪ್ಪಿಸಿಕೊಂಡವರು ಆ ಬೀದಿಯಲ್ಲಿ ಇರಲಿಲ್ಲ.

"ಒಂದು ಇಟ್ಟಿಗೆ ಬೇಕಿತ್ತು."

"ಇಷ್ಟು ವರ್ಷ ಎದುರಿಗಿದ್ದು ಒಂದು ದಿನ ಬಂದು ಏನೂ ಕೇಳಿದೋನಲ್ಲ, ಈಗ ಇಟ್ಟಿಗೆ ಬೇಕಂತೆ! ತಲೆಗೆ ಹೊಡ್ಕೊಳ್ಳೋಕಾ?"

"ಅದಕ್ಕೂ ಆಗುತ್ತೆ."

"ತಗೋ, ನನ್ನ ಸ್ಟೂಲಿನ ಕೆಳಗಿಂದು. ನೋಡು, ಈಗ ನಾನು ಸೊಟ್ಟಗೆ ಕೂರ್ಬೇಕು." ಅವನ ಮುಖ ನೋಡಿ ಅವಳು ದನಿ ಇಳಿಸಿದಳು. "ಏನಾದ್ರೂ ತಿಂದಿದೀಯಾ? ಸತ್ತೋನು ಅವನೋ ನೀನೋ ಗೊತ್ತಾಗ್ತಿಲ್ಲ ಕಣಯ್ಯ."

ನಾಲ್ಕು ಚಕ್ರದಡಿ ಇಟ್ಟಿಗೆ ಪೇರಿಸಿ, ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಮಟ್ಟ ನೋಡಿದ. ಹಳೆಯ ಕಂಬಿಗೆ ಗರಗಸ ತಾಗಿಸಿದ. ಕೊನೆಯ ಎಳೆ ತುಂಡಾದಾಗ ಕಾರಿನ ಇಡೀ ಮೈ ಠಣ್ ಎಂದು ಸದ್ದು ಮಾಡಿ ಬೆರಳಗಲ ಜಾರಿತು. ಬಹಳ ದಿನ ಮುದುರಿಕೊಂಡಿದ್ದವರು ಕಾಲು ಚಾಚಿದ ಹಾಗಿತ್ತು. ಅಷ್ಟಕ್ಕೇ ಅದು ನೆಟ್ಟಗಾಗಲಿಲ್ಲ. ಗುರುವಾರ ಸಂಜೆಯ ತನಕ ಜಾಕಿ ಕೊಟ್ಟು ಕೂದಲೆಳೆಯಷ್ಟು ಎತ್ತುವುದು, ಬಡಗಿಯ ಚಪ್ಪಟೆ ಪೆನ್ಸಿಲನ್ನು ಬಾಗಿಲಿನ ಸಂದಿಗೆ ಹಾಕಿ ಮೇಲಿಂದ ಕೆಳಕ್ಕೆ ಎಳೆಯುವುದು, ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿಗೆ ಮತ್ತೆ ಜಾಕಿ. ಮೊಣಕಾಲು ಬೇಡ ಬೇಡ ಎಂದು ಕೂಗುತ್ತಿತ್ತು. ಅವನು ಅದರ ಮಾತು ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಪೆನ್ಸಿಲು ಎಲ್ಲೂ ತಡೆಯದೆ ಜಾರಿತು. ಆಮೇಲೆ ಬೆಸೆದ. ಹೊಟ್ಟೆಯಡಿ ಎರಡು ಕಂಬಿ, ಹರಿದ ತಗಡಿಗೆ ಎರಡು ಪದರದ ತೇಪೆ, ಸೀಟಿನ ಹಿಂದೆ ಕಂಬದಿಂದ ಕಂಬಕ್ಕೆ ಅಡ್ಡಕಂಬಿ, ಮುಂದೆ ಆ ಕೆಂಪು ಶೋಕಿ. ರಪಿತ್ಸೊನ ಮನೆಯ ಕಡೆಯಿಂದ ನಾಳೆಯ ಊಟಕ್ಕೆ ಹೋರಿ ಕೊಯ್ಯುವವರ ಗದ್ದಲ ಕೇಳುತ್ತಿತ್ತು. ಎಲ್ಲ ತಣ್ಣಗಾದ ಮೇಲೆ ಬಾಗಿಲನ್ನು ಒಂದು ಬೆರಳಿನಿಂದ ದೂಡಿದ. ಟಕ್ ಎಂದು ಕೂತಿತು. ಮೆತ್ತನೆಯ, ಸಣ್ಣ ಸದ್ದು. ಕಾರನ್ನು ಒಯ್ಯಲು ಬಂದ ಪುಲೆಂಗ್ ಅದನ್ನು ಕೇಳಿ ಬಾಯಿಗೆ ಶಾಲು ಒತ್ತಿಕೊಂಡು ಅತ್ತಳು.

"ನಾಳೆ ಮಾತಾಡೋರ ಪಟ್ಟಿಯಲ್ಲಿ ನಿಮ್ಮ ಹೆಸರಿದೆ" ಅಂದಳು ಆಮೇಲೆ. "ಪಾದ್ರಿ ಆದ ಮೇಲೆ ಅಕ್ಕಪಕ್ಕದವರು, ಅವರಾದ ಮೇಲೆ ಗೆಳೆಯ. ಆಸ್ಪತ್ರೆಯಲ್ಲಿ ಅಪ್ಪನೇ ಬರೆಸಿದ್ದು. ನೀವೇನೂ ಹೇಳ್ಬೇಕಾಗಿಲ್ಲ. ಒಳ್ಳೆಯವನಿದ್ದ ಅಂತ ಹೇಳಿ ಕೂತ್ಕೊಳ್ಳಿ. ಬಾಗಿಲು ನಾನು ಸರಿ ಮಾಡಿಸ್ದೆ ಅಂತೀನಿ."

ಶನಿವಾರ ಬೆಳಗಿನ ಏಳು ಗಂಟೆಗೆಲ್ಲ ಮನೆಮುಂದಿನ ಡೇರೆ ತುಂಬಿ ಬೀದಿಗೆ ಹರಿದಿತ್ತು. ಬಾಯಿಂದ ಹಬೆ ಬರುವ ಚಳಿ. ಶೋಕದ ಪದ್ಧತಿಯಂತೆ ವಾರವೆಲ್ಲ ನೆಲದ ಹಾಸಿಗೆಯ ಮೇಲೆ ಕೂತಿದ್ದ ರಪಿತ್ಸೊನ ಹೆಂಡತಿಯನ್ನು ಕಂಬಳಿ ಹೊದಿಸಿ ತಂದು ಮುಂದೆ ಕೂರಿಸಿದ್ದರು. ಗುಶೇಶೆಗಳ ಜನವೆಲ್ಲ ಬಂದಿದ್ದರು. ಅವರಲ್ಲಿ ಅರ್ಧದಷ್ಟು ಮಂದಿ ಮಖೆತನ ಗಿರಾಕಿಗಳು. ಅವನು ಹಳೆಯ ಕೋಟಿನ ಗುಂಡಿ ಹಾಕಿಕೊಂಡು ಶವಪೆಟ್ಟಿಗೆಯ ಪಕ್ಕ ನಿಂತ. ಒಳ್ಳೆಯವನಿದ್ದ ಎಂದು ಹೇಳಿ ಕೂತುಬಿಡುವಷ್ಟೇ ಕಸುವು ಅವನಲ್ಲಿತ್ತು.

"ರಪಿತ್ಸೊ ಯಾವ ಕಲ್ಲಿಗೂ ಗುದ್ದಿರ್ಲಿಲ್ಲ" ಅಂದ.

ಹಿಂದೆ ನಿಂತಿದ್ದವರು ಕೇಳಿಸಿಕೊಳ್ಳಲು ಮುಂದೆ ಸರಿದರು.

"ಆ ಬಾಗಿಲು ಸೊಟ್ಟ ಆಗಿದ್ದು ನನ್ನಿಂದ. ನಾನು ಕಂಬಿ ಬೆಸೆಯೋವಾಗ ಒಂದು ಇಟ್ಟಿಗೆ ಕಡಿಮೆ ಇಟ್ಟೆ. ಸುಸ್ತಾಗಿತ್ತು. ಕೇಳ್ದಾಗ ಸುಳ್ಳು ಹೇಳ್ದೆ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನಿಮಗ್ಯಾರಿಗೂ ಹೇಳ್ಲಿಲ್ಲ. ನನ್ನ ಅನ್ನ ಹೋಗುತ್ತೆ ಅಂತ. ನೀವೆಲ್ಲ ನಮಸ್ಕಾರ ನಮಸ್ಕಾರ ಅಂತ ಕೂಗ್ತಿದ್ರಲ್ಲ, ಅದು ನನ್ನ ತಪ್ಪು. ಅವನು ಆ ತಪ್ಪನ್ನೇ ನಮಸ್ಕಾರ ಆಗಿಸಿದ. ನಿನ್ನೆ ಸರಿ ಮಾಡಿದೀನಿ. ಇವತ್ತು ಬಾಗಿಲು ತೆರೆಯಲ್ಲ. ಅವನಿಗೆ ಇದನ್ನ ಅವನು ಇದ್ದಾಗ ಹೇಳ್ಬೇಕಿತ್ತು."

ಹಿಂದಿನ ಸಾಲಿನಿಂದ ಯಾರೋ, "ಹಂಗಾದ್ರೆ ನನ್ ಕಾರು?" ಅಂದರು. ಕೆಲವರು ನಕ್ಕರು, ಕೆಲವರು ಗುಸುಗುಟ್ಟಿದರು. ಮಖೆತ ನಿಂತೇ ಇದ್ದ. ಕೂರಲೂ ತಿಳಿಯಲಿಲ್ಲ. ಆಗ ಹೆಂಗಸರ ನಡುವಿನಿಂದ ಮದ್ಲೋಮೊ ತನ್ನ ದಪ್ಪ ದನಿಯಲ್ಲಿ ಕೀರ್ತನೆಯೊಂದನ್ನು ಎತ್ತಿಕೊಂಡಳು. ಮಾತು ಮುಗಿಸಲಾಗದೆ ನಿಂತವನನ್ನು ಹಾಡಿ ಕೂರಿಸುವುದು ಅಲ್ಲಿಯ ಪದ್ಧತಿ. ಒಂದು ಸಾಲು ಆಗುವಷ್ಟರಲ್ಲಿ ಇಡೀ ಡೇರೆ ಹಾಡುತ್ತಿತ್ತು. ಆ ಹಾಡಿನ ಮರೆಯಲ್ಲಿ ಅವನು ಕೂತುಕೊಂಡ.

ಶವಪೆಟ್ಟಿಗೆ ಗಾಡಿಯ ಹತ್ತಿರ ಬಂದಾಗ ಪುಲೆಂಗ್ ಬೀದಿಯ ಕೊನೆಯ ಬಯಲಿಗೆ ಕಾರನ್ನು ತಂದಳು. ಜನ ದೊಡ್ಡ ವೃತ್ತವಾಗಿ ನಿಂತರು. ಕಾರು ತಿರುಗುವುದಕ್ಕೆ ಬದಲು ಮಖೆತನ ಎದುರಿಗೆ ಬಂದು ನಿಂತಿತು. ಅವಳು ಕಿಟಕಿಯಿಂದ ತಲೆ ಹಾಕಿದಳು.

"ಹತ್ತಿ ಮಾಮ."

"ನಾನಾ? ನಾನು ಯಾವತ್ತೂ ಕೂತಿಲ್ಲ ಕಣೆ."

ಅದು ನಿಜ. ತಾನು ಬೆಸೆದ ಕಾರು ತಿರುಗುವಾಗ ಅವನು ಒಂದು ದಿನವೂ ಒಳಗೆ ಕೂತವನಲ್ಲ. ಕೆಲಸ ಇದೆ, ಪುರಸೊತ್ತಿಲ್ಲ ಅನ್ನುತ್ತಿದ್ದ. ಅದು ನೆಪ, ಆ ಒಂದು ಇಟ್ಟಿಗೆ ಅವನನ್ನು ಹತ್ತಲು ಬಿಡುತ್ತಿರಲಿಲ್ಲ.

"ಅಡುಗೆ ಮಾಡಿದೋನು ಒಂದು ತುತ್ತಾದ್ರೂ ತಿನ್ನಲಿ!" ಮದ್ಲೋಮೊ ಹಿಂದಿನಿಂದ ಕೂಗಿದಳು. "ಹತ್ತಯ್ಯ! ನಿನ್ನ ಕೆಲಸ ನಿಂಗೇ ನಂಬಿಕೆ ಇಲ್ದಿದ್ರೆ ನಾವ್ಯಾಕೆ ನಂಬಬೇಕು?"

ಯಾರೂ ನಗಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಎಡಬಾಗಿಲಿನ ಹಿಡಿ ಎಳೆದ. ಅದು ತೆರೆಯಲು ಈಗ ಕೈ ಬೇಕಾಗಿತ್ತು. ಮೊಣಕಾಲು ಮಡಚಿ ಒಳಗೆ ತೂರಿ ಬಾಗಿಲು ಹಾಕಿಕೊಂಡ. ಸೀಟು ಒಬ್ಬ ದೊಡ್ಡ ಆಳಿನ ಭಾರಕ್ಕೆ ತಗ್ಗಾಗಿತ್ತು. ಕಾಲು ಹೋದ ಮೇಲೆ ರಪಿತ್ಸೊ ಈ ಕಡೆಯೇ ಕೂರುತ್ತಿದ್ದ.

"ಅಡ್ಡಕಂಬಿ ಹಿಡ್ಕೊಳ್ಳಿ" ಅಂದಳು ಪುಲೆಂಗ್.

ಅವನು ಬಲಗೈಯನ್ನು ಹಿಂದಕ್ಕೆ ಚಾಚಿ, ನಿನ್ನೆ ತಾನೇ ಬೆಸೆದ ಕಂಬಿಗೆ ತೋಳು ಸುತ್ತಿದ. ಎಂಜಿನ್ ಕಿರುಚಿತು. ಬಯಲು, ಡೇರೆ, ಮನೆಗಳು, ಶವದ ಗಾಡಿ ಎಲ್ಲ ಒಂದೇ ಬಣ್ಣವಾಗಿ ಹರಿದವು. ಟೈರಿನ ಹೊಗೆ ಒಳಗೆ ನುಗ್ಗಿತು. ಒಂದನೇ ಸುತ್ತಿನಲ್ಲಿ ಅವನು ಕಣ್ಣು ಮುಚ್ಚಿಕೊಂಡು, ಕಿವಿಯಿಂದ ತಳದ ತಗಡನ್ನು ಕೇಳಿದ. ಎಲ್ಲೂ ಕಿರುಗುಟ್ಟಲಿಲ್ಲ. ಎರಡನೇ ಸುತ್ತಿಗೂ ಇಲ್ಲ. ಇಡೀ ಕಾರು ಒಂದೇ ತುಂಡಿನ ಹಾಗೆ ತಿರುಗುತ್ತಿತ್ತು. ಅವನು ಕಣ್ಣು ಬಿಟ್ಟ.

ಮೂರನೇ ಸುತ್ತು ಬಂತು. ಹೊಗೆಯಾಚೆ ಜನರ ಕೈಗಳು ಮೇಲೆದ್ದಿದ್ದವು. ಬಾಗಿಲು ತೆರೆಯುವುದಿಲ್ಲ ಎಂದು ಅವರಿಗೆ ಹೇಳಿಯಾಗಿತ್ತು, ಆದರೂ ಎತ್ತಿದ್ದರು.

ಪುಲೆಂಗ್ ಅವನ ಕಡೆ ನೋಡಿದಳು. ಅವನು ಹಿಡಿ ಎಳೆದ. ಬಾಗಿಲು ಹಾರಿ ತೆರೆಯಿತು, ಗಾಳಿ ಅವನನ್ನು ಹೊರಕ್ಕೆ ಸೆಳೆಯಿತು. ತಾನು ಬೆಸೆದ ಕಂಬಿಯೊಂದೇ ಅವನನ್ನು ಹಿಡಿದಿತ್ತು. ಎಡಗೈಯಲ್ಲಿ ತಲೆಯ ಟೊಪ್ಪಿಗೆ ತೆಗೆದು ಹೊರಗೆ ಚಾಚಿದ. "ದುಮೆಲಂಗ್!" ಎಂದು ಕೂಗಿದ. ಬಯಲಿಗೆ ಬಯಲೇ ತಿರುಗಿ ಕೂಗಿತು. ಕಂಬಳಿ ಹೊದ್ದ ರಪಿತ್ಸೊನ ಹೆಂಡತಿಯ ಕೈಯೂ ಮೇಲಿತ್ತು.

ಆಮೇಲೆ ಪುಲೆಂಗ್ ಸ್ಟಿಯರಿಂಗನ್ನು ವಿರುದ್ಧ ದಿಕ್ಕಿಗೆ ತಿರುಗಿಸಿದಳು. ಬಾಗಿಲು ತಾನಾಗಿ ವಾಪಸು ಬಂದು, ಟಕ್ ಎಂದು ಮುಚ್ಚಿಕೊಂಡಿತು.